ಬೆರಳು ‘ಟಕ್’ ಎಂದಿತು, ಎಕ್ಸ್‌ರೇ ಸರಿಯಿದೆ: ಎಳೆಸಬಹುದೇ?

ಪ್ರಶ್ನೆ: ಸಣಾಪುರದಲ್ಲಿ ಬಂಡೆ ಹತ್ತುವಾಗ ಕಾಲು ಜಾರಿತು. ಉಂಗುರ ಬೆರಳಿನ ಬುಡದ ಹತ್ತಿರ ‘ಟಕ್’ ಎಂದು ಸದ್ದಾಗಿ, ಈಗ ಊದಿಕೊಂಡಿದೆ. ಎಕ್ಸ್‌ರೇಯಲ್ಲಿ ಮೂಳೆ ಮುರಿದಿಲ್ಲವಂತೆ. ಉಳುಕಿರಬೇಕು, ಎಣ್ಣೆ ಹಚ್ಚಿ ಎಳೆಸು ಎನ್ನುತ್ತಾರೆ ಮನೆಯವರು. ಎಳೆಸಬಹುದೇ?
– ಗಂಗಾವತಿಯ ಓದುಗ

ಉತ್ತರ: ಎಳೆಸಬೇಡಿ, ತಿಕ್ಕಿಸಲೂಬೇಡಿ. ನೀವು ಹೇಳಿದ ಲಕ್ಷಣಗಳೆಲ್ಲ ಬಂಡೆ ಹತ್ತುವವರಿಗೆ ಪದೇ ಪದೇ ಆಗುವ ಒಂದು ಗಾಯದ ಕಡೆಗೇ ಬೊಟ್ಟು ಮಾಡುತ್ತವೆ. ಅದು ‘ಪುಲ್ಲಿ’ ಗಾಯ.

ಬೆರಳು ಮಡಚುವ ಸ್ನಾಯುರಜ್ಜು ಮುಂಗೈಯಿಂದ ಬೆರಳ ತುದಿಯವರೆಗೆ ಹೋಗುತ್ತದೆ. ಬೈಕಿನ ಬ್ರೇಕ್ ವೈರನ್ನು ಕ್ಲಿಪ್‌ಗಳು ಹಿಡಿದಿಟ್ಟಂತೆ ಅದನ್ನು ಮೂಳೆಗೆ ಒತ್ತಿ ಹಿಡಿಯುವ ಗಟ್ಟಿ ಪಟ್ಟಿಗಳೇ ಪುಲ್ಲಿಗಳು. ಬೆರಳಿಗೆ ಮುಖ್ಯವಾಗಿ ಐದು, ಎ1ರಿಂದ ಎ5ರವರೆಗೆ. ಹೆಚ್ಚಾಗಿ ಹರಿಯುವುದು ಬುಡದ ಹತ್ತಿರದ ಎ2, ಅದರಲ್ಲೂ ಉಂಗುರ ಬೆರಳಿನದು. ಸಣ್ಣ ಅಂಚಿಗೆ ತುದಿಬೆರಳೂರಿ, ನಡುಗೆಣ್ಣು ಚೂಪಾಗಿ ಮಡಚಿ ಹಿಡಿಯುವುದಕ್ಕೆ ಹತ್ತುವವರು ‘ಕ್ರಿಂಪ್’ ಎನ್ನುತ್ತಾರೆ. ಈ ಹಿಡಿತದಲ್ಲಿ ಎ2 ಮೇಲೆ ವಿಪರೀತ ಒತ್ತಡ. ಆಗ ಕಾಲು ಜಾರಿದರೆ ಮೈಭಾರವೆಲ್ಲ ಥಟ್ಟನೆ ಅದರ ಮೇಲೆ. ಆನೆಗೊಂದಿ, ಸಣಾಪುರದ ಗ್ರಾನೈಟಿನಲ್ಲಿ ಅಂಥ ಅಂಚುಗಳಿಗೇನೂ ಬರವಿಲ್ಲವಲ್ಲ!

ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ, ಪುಲ್ಲಿ ಕಾಣುವುದಿಲ್ಲ. ಆದ್ದರಿಂದ ‘ಎಕ್ಸ್‌ರೇ ಸರಿಯಿದೆ’ ಎಂದಾಕ್ಷಣ ನಿರಾಳವಾಗಬೇಡಿ. ಬೇಕಾದದ್ದು ಅಲ್ಟ್ರಾಸೌಂಡ್. ಬೆರಳಿಗೂ ಅದನ್ನು ಮಾಡುತ್ತಾರೆ. ಬೆರಳನ್ನು ಒತ್ತಿ ಮಡಚಿದಾಗ ರಜ್ಜು ಮೂಳೆಯಿಂದ 2 ಮಿಲಿಮೀಟರಿಗಿಂತ ದೂರ ಸರಿದರೆ ಪುಲ್ಲಿ ಪೂರ್ತಿ ಹರಿದಿದೆ ಎಂದು ಅನುಮಾನಿಸುತ್ತಾರೆ. ಕೊಪ್ಪಳ, ಬಳ್ಳಾರಿ, ರಾಯಚೂರು ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿವೆ. ಮೂಳೆ ವೈದ್ಯರಿಗೆ ತೋರಿಸುವಾಗ ‘ಬೆರಳು ಉಳುಕಿದೆ’ ಎನ್ನದೆ, ಬಂಡೆ ಹತ್ತುವಾಗ ಸದ್ದಾಯಿತು ಎಂದೇ ಹೇಳಿ.

ಒಂದೇ ಪುಲ್ಲಿ ಹರಿದಿದ್ದರೆ ಸಾಮಾನ್ಯವಾಗಿ ಆಪರೇಷನ್ ಬೇಡ. ಮೊದಲ ಕೆಲವು ದಿನ ಬಟ್ಟೆ ಸುತ್ತಿದ ಐಸ್, ವಿಶ್ರಾಂತಿ. ಆಮೇಲೆ ರಜ್ಜುವನ್ನು ಮೂಳೆಗೆ ಒತ್ತಿ ಹಿಡಿಯುವಂತೆ ಅಳತೆಗೆ ಮಾಡಿದ ಗಟ್ಟಿ ಉಂಗುರವನ್ನು ಆರೆಂಟು ವಾರ ಹಾಕಿಕೊಳ್ಳಬೇಕು. ಬೆರಳು ಮರಗಟ್ಟದಂತೆ ನೋವಾಗದಷ್ಟು ಮಡಚಿ ಬಿಚ್ಚುವ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟ್ ಹೇಳಿಕೊಡುತ್ತಾರೆ. ಹಲವು ಪುಲ್ಲಿಗಳು ಒಟ್ಟಿಗೆ ಹರಿದಿದ್ದರೆ ಮಾತ್ರ ಶಸ್ತ್ರಚಿಕಿತ್ಸೆಯ ಮಾತು. ಬರೀ ಟೇಪ್ ಸುತ್ತಿ ಮರುದಿನವೇ ಹತ್ತುವವರನ್ನು ನೋಡಿ ಮೋಸಹೋಗಬೇಡಿ. ಹರಿದ ಪುಲ್ಲಿಯ ಕೆಲಸವನ್ನು ಟೇಪ್ ಮಾಡದು.

ಪೂರ್ತಿ ಹರಿದಿದ್ದರೆ ಮೊದಲಿನಂತೆ ಹತ್ತಲು ಸುಮಾರು ಮೂರು ತಿಂಗಳು ಬೇಕು. ಅಂದರೆ ಈ ಚಳಿಗಾಲದ ಹತ್ತಾಟ ಕೈಬಿಟ್ಟ ಹಾಗೆಯೇ. ನಿಮ್ಮ ಜೊತೆ ಹತ್ತುವ ಹೈಸ್ಕೂಲು ಹುಡುಗರಿದ್ದರೆ ಅವರ ಲೆಕ್ಕವೇ ಬೇರೆ: ಸದ್ದಿಲ್ಲದೆ ನಡುಗೆಣ್ಣು ನಿಧಾನವಾಗಿ ನೋಯತೊಡಗಿದರೆ ಮೂಳೆ ಬೆಳೆಯುವ ಜಾಗದಲ್ಲೇ ಬಿರುಕಿರಬಹುದು. ಅವರಿಗೆ ಮೊದಲು ಬೇಕಾದದ್ದು ಎಕ್ಸ್‌ರೇ, ಅಲ್ಲಿಯವರೆಗೆ ಹತ್ತುವುದು ಬಂದ್.