ಹುಬ್ಬಳ್ಳಿ-ಧಾರವಾಡದ ನೀರಿನ ಪಾಳಿ ಯಾಕೆ ಮುಗಿಯುತ್ತಿಲ್ಲ?

ಒಂದು ಓಣಿಯಲ್ಲಿ ಹಗಲೂ ರಾತ್ರಿ ನೀರು. ಅದೇ ಊರಿನ ಇನ್ನೊಂದು ಓಣಿಯಲ್ಲಿ ಐದಾರು ದಿನಕ್ಕೊಮ್ಮೆ ನಳ ಬರುತ್ತದೆ, ಅದೂ ಕೆಲವೊಮ್ಮೆ ನಡುರಾತ್ರಿ. ಅವಳಿ ನಗರದ ಕೆಲ ವಾರ್ಡ್‌ಗಳಿಗೆ 24 ಗಂಟೆ ನೀರು ಬಂದದ್ದು 2008ರಲ್ಲಿ. ಆಮೇಲೆ ಯಾಕೆ ಇಷ್ಟು ತಡ ಅಂತ ಕೇಳಿದರೆ ಹಣ, ಟೆಂಡರ್, ಮಳೆ ಅನ್ನುತ್ತಾರೆ. ಎಲ್ಲವೂ ನಿಜವೇ. ಆದರೆ ಗಂಟು ಇನ್ನೂ ಒಳಗಿದೆ.

ಹಳೆಯ ಕಥೆ ಬೇಗ ಮುಗಿಸೋಣ. ಮೊದಲು ಕೆರೆ-ಬಾವಿ, 1955ರಲ್ಲಿ ನೀರಸಾಗರ ಜಲಾಶಯ, 1962ರಲ್ಲಿ ಎರಡೂ ಊರಿಗೆ ಸೇರಿ ಒಂದೇ ಮಹಾನಗರ ಪಾಲಿಕೆ, 1983ರಲ್ಲಿ ಸವದತ್ತಿ ಕಡೆಯಿಂದ ಮಲಪ್ರಭೆ. ನೀರು ಬಂದಂತೆಲ್ಲ ಊರೂ ಬೆಳೆಯಿತು. ಸಾಲದಾದಾಗ ಪಾಳಿ ಹಚ್ಚಿದರು. ಆ ಪಾಳಿಯೇ ಖಾಯಂ ಆಯಿತು.

ಅದು ನಡೆಯುವ ರೀತಿ ನೋಡಬೇಕು. ರಸ್ತೆಯಲ್ಲಿ ಒಂದು ಕಬ್ಬಿಣದ ಮುಚ್ಚಳ, ಕೆಳಗೆ ವಾಲ್ವ್. ವಾಲ್ವ್‌ಮನ್ ಉದ್ದನೆಯ ಕಬ್ಬಿಣದ ಕೀಲಿ ಇಳಿಸಿ ತಿರುಗಿಸುತ್ತಾರೆ. ಎಷ್ಟು ಸುತ್ತು ತಿರುಗಿಸಿದರೆ ಏರಿನ ಮೇಲಿನ ಮನೆಗೂ ನೀರು ಮುಟ್ಟುತ್ತದೆ, ಯಾವ ಹಳೆ ಪೈಪು ಎಲ್ಲಿ ತಿರುಗಿದೆ ಅನ್ನುವುದು ಬಹುಪಾಲು ಅವರ ತಲೆಯಲ್ಲೇ ಇದೆ. ಹಾಗಾಗಿ ಅವರ ನಂಬರ್ ಓಣಿಯ ಎಲ್ಲರ ಫೋನ್‌ನಲ್ಲೂ ಇರುತ್ತದೆ. "ಅಣ್ಣಾರ, ಇವತ್ತ ನಮ್ಮ ಓಣಿಗೆ ಬಿಡ್ತೀರೇನ್ರಿ?" ಅವರು ಎತ್ತದಿದ್ದರೆ ಕಾರ್ಪೊರೇಟರ್‌ಗೆ ಫೋನ್. ಮನೆಯಲ್ಲಿ ಮದುವೆ ಇದ್ದರೆ ಅರ್ಧ ತಾಸು ಜಾಸ್ತಿ ಕೇಳುತ್ತಾರೆ. ಒಂದು ಚರಂಡಿ ಕಟ್ಟಿಸಲು ವರ್ಷ ಹಿಡಿಯುತ್ತದೆ, ನೀರು ಬಿಡಿಸುವ ಕೆಲಸ ಒಂದೇ ಫೋನಿಗೆ ಆಗಿಬಿಡುತ್ತದೆ. ನಳದಲ್ಲಿ ಸದಾ ನೀರಿದ್ದರೆ ಈ ಫೋನ್ ಯಾರಿಗೆ ಬೇಕು, ಅಲ್ವಾ?

ಮನೆಯವರೂ ಸುಮ್ನೆ ಕೂತಿಲ್ಲ. ಸಂಪು ತೋಡಿಸಿದರು, ಮೇಲೆ ಸಿಂಟೆಕ್ಸ್ ಇಟ್ಟರು, ಮೋಟರ್ ಹಚ್ಚಿದರು, ಬೋರ್ ಹೊಡೆಸಿದರು. ಸಂಪು ದೊಡ್ಡದಿದ್ದರೆ ಐದು ದಿನಕ್ಕೊಮ್ಮೆ ಬಂದರೂ ನಡೆಯುತ್ತದೆ. ಪಾಲಿಕೆಗೆ ಹೋಗಿ ಜೋರು ಮಾಡಬಲ್ಲವರು ಹೆಚ್ಚಾಗಿ ಇವರೇ. ಇವರಿಗೀಗ ಅವಸರವಿಲ್ಲ. ಕೊಡ, ಬ್ಯಾರಲ್ ತುಂಬಿಟ್ಟುಕೊಳ್ಳುವ ಮನೆಗಳಿಗೆ ಅವಸರ ಇದೆ, ಆದರೆ ನೀರು ಬರುವ ದಿನ ಕೂಲಿ ಬಿಟ್ಟು ಕೂರುವುದೇ ಅವರಿಗೆ ಸಾಕಾಗಿರುತ್ತದೆ.

2008ರ ಪ್ರಯೋಗ ನಡೆದದ್ದು ವಿಶ್ವಬ್ಯಾಂಕ್ ನೆರವಿನಲ್ಲಿ. ಬೆಳಗಾವಿ ಮತ್ತು ಕಲಬುರಗಿಯ ಕೆಲ ಭಾಗಗಳೂ ಅದರಲ್ಲಿದ್ದವು. ಹಳೆ ಪೈಪಿಗೆ ತೇಪೆ ಹಾಕಲಿಲ್ಲ. ಹೊಸ ಪೈಪು ಹಾಕಿ, ಮನೆಮನೆಗೆ ಮೀಟರ್ ಕೂರಿಸಿದರು. ನೀರು ಬಂತು. ಪೈಪು ಸದಾ ತುಂಬಿರುವುದರಿಂದ ಇನ್ನೊಂದು ಲಾಭವೂ ಇತ್ತು: ಪಾಳಿಯ ನಡುವೆ ಪೈಪು ಖಾಲಿಯಾದಾಗ ಬಿರುಕಿನಿಂದ ಹೊರಗಿನ ಹೊಲಸು ಒಳಗೆ ಸೇರುತ್ತದೆ, ಇಲ್ಲಿ ಆ ಕಾಟ ಕಡಿಮೆ.

ಇದನ್ನೇ ಇಡೀ ಊರಿಗೆ ಹಬ್ಬಿಸಬೇಕು ಅಂದಾಗ ಪ್ರತಿಯೊಬ್ಬರಿಗೂ ಕಳೆದುಕೊಳ್ಳಲು ಏನೋ ಒಂದು ಸಿಕ್ಕಿತು. ಮೀಟರ್ ಬಂದರೆ ಬಳಸಿದಷ್ಟಕ್ಕೆ ಬಿಲ್ಲು. ಪೈಪು ಹಾಕಲು ಈಗಷ್ಟೇ ಡಾಂಬರು ಕಂಡ ರಸ್ತೆ ಅಗೆಯಬೇಕು, ಅದೂ ಚುನಾವಣೆ ಹತ್ತಿರ ಬಂದಾಗ. ನಿರ್ವಹಣೆ ಖಾಸಗಿ ಕಂಪನಿಗೆ ಹೋದಾಗ ಹಳೆ ಸಿಬ್ಬಂದಿ ಬೀದಿಗಿಳಿದರು. ಅವರ ಭಯ ಸುಳ್ಳೇನಲ್ಲ. ಎಲ್ಲವೂ ನಕ್ಷೆಗೆ ಏರಿದರೆ ವರ್ಷಗಟ್ಟಲೆ ತಲೆಯಲ್ಲಿಟ್ಟುಕೊಂಡ ಲೆಕ್ಕಕ್ಕೆ ಬೆಲೆ ಎಲ್ಲಿ? ಇವರಲ್ಲಿ ಯಾರೂ ನೀರು ಬೇಡ ಅಂದಿಲ್ಲ. ತಮ್ಮ ಪಾಲಿನ ಬದಲಾವಣೆ ಸ್ವಲ್ಪ ಆಮೇಲೆ ಆಗಲಿ ಅಂದರು, ಅಷ್ಟೇ. ಈ 'ಆಮೇಲೆ'ಗಳೆಲ್ಲ ಕೂಡಿ ಹತ್ತು ವರ್ಷಕ್ಕೂ ಜಾಸ್ತಿ ಆಯಿತು.

ಈಗ ಇನ್ನೊಂದು ತೊಡಕು. ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಬೇಕೆಂಬ ಹಳೆ ಬೇಡಿಕೆಗೆ 2025ರ ಜನವರಿಯಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿತು. ವಾರ್ಡ್‌ಗಳನ್ನು ಗೆರೆ ಎಳೆದು ಹಂಚಬಹುದು. ಆದರೆ ಮಲಪ್ರಭೆಯ ನೀರು ಶುದ್ಧವಾಗುವುದು ಧಾರವಾಡ ಹತ್ತಿರದ ಅಮ್ಮಿನಭಾವಿಯ ಒಂದೇ ಘಟಕದಲ್ಲಿ, ಕುಡಿಯುವುದು ಎರಡೂ ಊರು. ಆ ಘಟಕದ ಕರೆಂಟ್ ಬಿಲ್ಲು ಯಾರದು, ಬೇಸಿಗೆಯಲ್ಲಿ ಕಡಿಮೆಯಾದರೆ ಯಾರಿಗೆ ಎಷ್ಟು ಅನ್ನುವುದನ್ನು ಪಾಲಿಕೆ ಒಡೆಯುವ ಮೊದಲೇ ಬರೆದಿಡಬೇಕು. ಇಲ್ಲದಿದ್ದರೆ ಊರೂರ ನಡುವೆಯೂ ಪಾಳಿ ಶುರುವಾಗುತ್ತದೆ.