ಕವಿಯ ಕಾಣ್ಕೆಗೆ ಜೀವವಿಕಾಸದ ವಾದದಲ್ಲಿ ಜಾಗ ಎಲ್ಲಿ?

ಮತ್ಸ್ಯ ನೀರಿನ ಪ್ರಾಣಿ. ಕೂರ್ಮ ನೀರಿಗೂ ನೆಲಕ್ಕೂ ಸೇರಿದ್ದು. ವರಾಹ ನೆಲದ್ದು. ನರಸಿಂಹ ಅರ್ಧ ಪ್ರಾಣಿ, ಅರ್ಧ ಮನುಷ್ಯ. ವಾಮನ ಗಿಡ್ಡ ಮನುಷ್ಯ. ಈ ಸಾಲನ್ನು ನೀವು ಎಲ್ಲೋ ಕೇಳಿರುತ್ತೀರಿ. ಶಾಲೆಯಲ್ಲಿ, ಪ್ರವಚನದಲ್ಲಿ, ಇಲ್ಲವೇ ಫೋನಿಗೆ ಬಂದ ಫಾರ್ವರ್ಡ್‌ನಲ್ಲಿ. ಕೊನೆಗೆ ಒಂದು ಮಾತು ಇದ್ದೇ ಇರುತ್ತದೆ: ಡಾರ್ವಿನ್ ಹೇಳಿದ್ದನ್ನು ನಮ್ಮ ಋಷಿಗಳು ಮೊದಲೇ ಕಂಡಿದ್ದರು. ಅಲ್ಲಿಂದ ಜಗಳ ಶುರು. ಒಬ್ಬರು ಪುರಾಣವನ್ನೇ ವಿಜ್ಞಾನ ಅನ್ನುತ್ತಾರೆ. ಇನ್ನೊಬ್ಬರು ವಿಜ್ಞಾನದಲ್ಲಿ ಕಲ್ಪನೆಗೆ ಏನು ಕೆಲಸ ಅನ್ನುತ್ತಾರೆ.

ಇದರಲ್ಲಿ ಎರಡು ಬೇರೆ ಪ್ರಶ್ನೆಗಳು ಗಂಟುಬಿದ್ದಿವೆ. ಕವಿ ಕಂಡದ್ದು ಜೀವವಿಕಾಸಕ್ಕೆ ಸಾಕ್ಷಿಯಾಗುತ್ತದೆಯೇ ಎಂಬುದು ಒಂದು. ಹಾಗೆ ಕಾಣುವ ಶಕ್ತಿ ಮನುಷ್ಯನಿಗೆ ಬಂದದ್ದು ಹೇಗೆ ಎಂಬುದು ಇನ್ನೊಂದು. ಮೊದಲನೆಯದರ ಸದ್ದು ಜಾಸ್ತಿ. ನನಗೆ ಮುಖ್ಯ ಅನ್ನಿಸುವುದು ಎರಡನೆಯದು. ಅದನ್ನು ಎತ್ತಿದವರಲ್ಲಿ ದೊಡ್ಡ ಹೆಸರು ಆಲ್ಫ್ರೆಡ್ ರಸೆಲ್ ವಾಲೇಸ್ ಅವರದು. ನಿಸರ್ಗದ ಆಯ್ಕೆ ಎಂಬ ತತ್ವವನ್ನು ಡಾರ್ವಿನ್ ಅವರಷ್ಟೇ ಸ್ವತಂತ್ರವಾಗಿ ಕಂಡುಕೊಂಡವರು ಅವರು.

ವಾಲೇಸ್ 14ನೇ ವಯಸ್ಸಿಗೆ ಶಾಲೆ ಬಿಟ್ಟರು. ಜಮೀನು ಅಳೆಯುವ ಕೆಲಸ ಮಾಡಿದರು. ಆಮೇಲೆ ಅಮೆಜಾನ್ ಕಾಡಿಗೆ ಹೋದರು. 1852ರಲ್ಲಿ ಹಿಂತಿರುಗುವಾಗ ನಡುಗಡಲಿನಲ್ಲಿ ಹಡಗಿಗೆ ಬೆಂಕಿ ಬಿದ್ದು, ಜೊತೆಯಲ್ಲಿ ತರುತ್ತಿದ್ದ ಸಂಗ್ರಹ ಸುಟ್ಟುಹೋಯಿತು. ಬೇರೆಯವರಾಗಿದ್ದರೆ ಅಲ್ಲಿಗೇ ಕೈಬಿಡುತ್ತಿದ್ದರೇನೋ. ಅವರು 1854ರಲ್ಲಿ ಮತ್ತೆ ಹೊರಟರು. ಈ ಸಲ ಈಗಿನ ಮಲೇಷ್ಯಾ, ಇಂಡೋನೇಷ್ಯಾ ಕಡೆಗೆ. ಎಂಟು ವರ್ಷ ದ್ವೀಪದಿಂದ ದ್ವೀಪಕ್ಕೆ ಅಲೆದು 1,25,000ಕ್ಕೂ ಹೆಚ್ಚು ಮಾದರಿಗಳನ್ನು ಕೂಡಿಸಿದರು.

1858ರ ಫೆಬ್ರವರಿಯಲ್ಲಿ ಅವರಿಗೆ ಬಿಟ್ಟು ಬಿಟ್ಟು ಬರುವ ಜ್ವರ ಹಿಡಿದಿತ್ತು. ಚಳಿ ಹತ್ತಿ ಹೊದ್ದು ಮಲಗಿದ್ದಾಗ, ಹಿಂದೆ ಓದಿದ್ದ, ಜನಸಂಖ್ಯೆಯ ಬಗ್ಗೆ ಬರೆದ ಮಾಲ್ತಸ್ ನೆನಪಾದರು. ಹಸಿವು, ರೋಗ, ಯುದ್ಧ ಜನಸಂಖ್ಯೆಯನ್ನು ತಡೆಯುತ್ತವೆ ಎಂಬ ಮಾತು ನೆನಪಾಯಿತು. ಪ್ರಾಣಿಗಳಲ್ಲೂ ಹೀಗೇ ಅಲ್ವಾ? ಹಾಗಾದರೆ ಸಾಯುವವು ಯಾವುವು, ಉಳಿಯುವವು ಯಾವುವು? ಸುತ್ತಲಿನ ಸ್ಥಿತಿಗೆ ಚೆನ್ನಾಗಿ ಹೊಂದಿಕೊಳ್ಳುವವು ಉಳಿಯುತ್ತವೆ, ಉಳಿದವು ಸಾಯುತ್ತವೆ ಎಂಬ ಉತ್ತರ ಆ ಜ್ವರದಲ್ಲೇ ಹೊಳೆಯಿತು. ಇದೇ ನಿಸರ್ಗದ ಆಯ್ಕೆ. ಕೆಲವೇ ದಿನದಲ್ಲಿ ಬರೆದು ಟರ್ನಾಟೆ ದ್ವೀಪದಿಂದ ಡಾರ್ವಿನ್ ಅವರಿಗೆ ಕಳಿಸಿದರು. ಅದೇ ವರ್ಷ ಜುಲೈ 1ರಂದು ಲಂಡನ್ನಿನ ಲಿನ್ನಿಯನ್ ಸೊಸೈಟಿಯಲ್ಲಿ ಇಬ್ಬರ ಬರಹವನ್ನೂ ಒಟ್ಟಿಗೆ ಓದಲಾಯಿತು.

ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಆ ಹೊಳಹು ಕಲ್ಪನೆಯ ಕೆಲಸವೇ. ಆದರೆ ಅದಕ್ಕೆ ಬೆಲೆ ಬಂದದ್ದು ಹಿಂದೆ ರಾಶಿ ಬಿದ್ದಿದ್ದ ಚಿಟ್ಟೆ, ದುಂಬಿ, ಹಕ್ಕಿಗಳಿಂದ. ಜ್ವರದಲ್ಲಿ ಯಾರಿಗೆ ಬೇಕಾದರೂ ಏನು ಬೇಕಾದರೂ ಹೊಳೆಯಬಹುದು. ಎದ್ದ ಮೇಲೆ ಅದನ್ನು ಪರೀಕ್ಷೆಗೆ ಒಡ್ಡಿದರೆ ಮಾತ್ರ ವಿಜ್ಞಾನ.

1869ರಲ್ಲಿ ವಾಲೇಸ್ ಒಂದು ಲೇಖನ ಬರೆದರು. ಅವರ ತರ್ಕ ಸರಳ. ಬದುಕುಳಿಯಲು ಎಷ್ಟು ಬೇಕೋ ಅಷ್ಟನ್ನು ಮಾತ್ರ ನಿಸರ್ಗದ ಆಯ್ಕೆ ಕೊಡುತ್ತದೆ. ಗಣಿತ, ಸಂಗೀತ, ಚಿತ್ರ ಬರೆಯುವ ಕೈ, ಕಾಣದ್ದನ್ನು ಕಾಣುವ ಮನಸ್ಸು, ಇವುಗಳಿಂದ ಬೇಟೆ ಸಿಗುವುದಿಲ್ಲ, ಹುಲಿಯಿಂದ ತಪ್ಪಿಸಿಕೊಳ್ಳಲೂ ಆಗುವುದಿಲ್ಲ. ಆದರೂ ಕಾಡಿನಲ್ಲಿ ಬದುಕುವ ಜನರ ಮಿದುಳು ಯುರೋಪಿನ ಪಂಡಿತರ ಮಿದುಳಿಗಿಂತ ಹೆಚ್ಚೇನೂ ಚಿಕ್ಕದಲ್ಲ. ಬಳಕೆಯಿಲ್ಲದ ಶಕ್ತಿಯನ್ನು ನಿಸರ್ಗ ಮೊದಲೇ ಕೂಡಿಟ್ಟದ್ದು ಹೇಗೆ? ಇಲ್ಲಿ ಮೇಲಿನ ಯಾವುದೋ ಬುದ್ಧಿಶಕ್ತಿಯ ಕೈ ಇರಬೇಕು ಎಂದರು ವಾಲೇಸ್.

ಡಾರ್ವಿನ್ ತಮ್ಮ ಪ್ರತಿಯ ಅಂಚಿನಲ್ಲಿ ‘ಇಲ್ಲ’ ಎಂದು ಬರೆದು ಮೂರು ಗೆರೆ ಎಳೆದರು. ಲೇಖನ ಬರುವ ಮುಂಚೆಯೇ, ನಮ್ಮಿಬ್ಬರ ಕೂಸನ್ನು ನೀವು ಪೂರ್ತಿ ಕೊಂದಿಲ್ಲ ಎಂದುಕೊಳ್ಳುತ್ತೇನೆ ಎಂದು ಪತ್ರದಲ್ಲಿ ಬರೆದಿದ್ದರು. ಆ ಹೊತ್ತಿಗೆ ವಾಲೇಸ್ ಪ್ರೇತಗಳನ್ನು ಮಾತಾಡಿಸುವ ಕೂಟಗಳಿಗೂ ಹೋಗುತ್ತಿದ್ದರು. ಅದನ್ನೇ ಹಿಡಿದು ಅವರ ಪ್ರಶ್ನೆಯನ್ನೂ ತಳ್ಳಿಹಾಕುವುದು ಸುಲಭವಾಯಿತು. ಇದು ಅನ್ಯಾಯ ಅನ್ನುವುದು ನನ್ನ ಅಭಿಪ್ರಾಯ. ಉತ್ತರ ತಪ್ಪಾದ ಮಾತ್ರಕ್ಕೆ ಪ್ರಶ್ನೆ ತಪ್ಪಾಗುವುದಿಲ್ಲ.

ತಪ್ಪಿದ್ದದ್ದು ಅವರ ಲೆಕ್ಕದಲ್ಲಿ. ಕಾಡಿನ ಜನ ಆ ಶಕ್ತಿಯನ್ನು ಬಳಸುತ್ತಿಲ್ಲ ಎಂದುಕೊಂಡರಲ್ಲ, ಅದು ತಪ್ಪು. ನೂರಾರು ಗಿಡಗಳ ಗುರುತು, ಹೆಜ್ಜೆ ನೋಡಿ ಪ್ರಾಣಿಯ ದಾರಿ ಊಹಿಸುವುದು, ನಂಟಸ್ತಿಕೆಯ ಲೆಕ್ಕ, ಕಥೆ, ಹಾಡು, ಇದಕ್ಕೆಲ್ಲ ಬೇಕಾದದ್ದು ಸಣ್ಣ ತಲೆಯಲ್ಲ. ನಮ್ಮ ಕಂಸಾಳೆಯವರು ಮಾದಪ್ಪನ ಕಥೆಯನ್ನು ರಾತ್ರಿಗಟ್ಟಲೆ ನೆನಪಿನಿಂದಲೇ ಹಾಡುತ್ತಾರೆ. ಅಕ್ಷರ ಬಾರದಿದ್ದರೆ ಕಲ್ಪನೆಯೂ ಇಲ್ಲ ಅನ್ನುವವರು ಒಂದು ರಾತ್ರಿ ಅವರ ಮುಂದೆ ಕೂರಬೇಕು.

ಡಾರ್ವಿನ್ 1871ರಲ್ಲಿ ಬೇರೆ ದಾರಿ ಹಿಡಿದರು. ಕಲ್ಪನೆ ಮನುಷ್ಯನ ಅತ್ಯುನ್ನತ ಶಕ್ತಿಗಳಲ್ಲಿ ಒಂದು ಎಂದು ಒಪ್ಪಿಕೊಂಡರು. ಆದರೆ ಬೇರು ಪ್ರಾಣಿಗಳಲ್ಲೇ ಇದೆ ಎಂದರು. ಅದಕ್ಕೆ ಅವರು ಕೊಟ್ಟ ಉದಾಹರಣೆ ನಮ್ಮ ಜಗಲಿಯ ಮೇಲೇ ಸಿಗುತ್ತದೆ. ಮಲಗಿದ ನಾಯಿ ನಿದ್ದೆಯಲ್ಲಿ ಕಾಲು ಆಡಿಸುತ್ತದೆ, ಸಣ್ಣಗೆ ದನಿ ತೆಗೆಯುತ್ತದೆ. ಅದಕ್ಕೂ ಕನಸು ಬೀಳುತ್ತದೆ. ಕನಸು ಬೀಳುವುದಾದರೆ ಸ್ವಲ್ಪವಾದರೂ ಕಲ್ಪನೆ ಇದೆ ಎಂದಾಯಿತು. ಇದೇ ಡಾರ್ವಿನ್ ಮುಪ್ಪಿನಲ್ಲಿ ತಮಗೆ ಒಂದು ಸಾಲು ಕಾವ್ಯವನ್ನೂ ಓದಲಾಗುತ್ತಿಲ್ಲ ಎಂದು ನೊಂದುಕೊಂಡು ಬರೆದರು. ಮತ್ತೆ ಬದುಕುವುದಾದರೆ ವಾರಕ್ಕೊಮ್ಮೆಯಾದರೂ ಕವಿತೆ ಓದುತ್ತೇನೆ, ಸಂಗೀತ ಕೇಳುತ್ತೇನೆ ಎಂದರು. ಕಲ್ಪನೆ ಅವರಿಗೆ ಬೇಡವಾದ ವಸ್ತುವಾಗಿರಲಿಲ್ಲ.

ವಾಲೇಸ್ 1913ರಲ್ಲಿ ತೀರಿಕೊಳ್ಳುವವರೆಗೂ ತಮ್ಮ ಮಾತು ಬಿಡಲಿಲ್ಲ. ಅವರ ಪ್ರಶ್ನೆಗೆ ಒಳ್ಳೆಯ ಉತ್ತರದ ದಾರಿ ತೆರೆದದ್ದು ಎಷ್ಟೋ ಕಾಲದ ಮೇಲೆ. ಸೀರೆಯ ಉದಾಹರಣೆ ತೆಗೆದುಕೊಳ್ಳಿ. ನೇಕಾರ ನೇಯುವುದು ಉಡಲಿಕ್ಕೆ. ಹಳೆಯದಾದಾಗ ಅದೇ ಸೀರೆ ತೊಲೆಗೆ ಕಟ್ಟಿದ ಜೋಲಿಯಾಗುತ್ತದೆ, ಮಗು ಮಲಗುತ್ತದೆ. ಜೋಲಿಗೆಂದು ಯಾರೂ ನೇಯ್ದಿರಲಿಲ್ಲ. ಜೀವಿಗಳಲ್ಲೂ ಹೀಗೆ ಆಗುತ್ತದೆ. ಗರಿ ಮೊದಲು ಮೈ ಬೆಚ್ಚಗಿಡಲು ನೆರವಾಗಿ, ಹಾರಾಟಕ್ಕೆ ಬಂದದ್ದು ಆಮೇಲೆ ಎನ್ನುವುದು ಇದಕ್ಕೆ ಹೆಸರುವಾಸಿ ಉದಾಹರಣೆ. 1982ರಲ್ಲಿ ಪಳೆಯುಳಿಕೆ ವಿಜ್ಞಾನಿಗಳಾದ ಸ್ಟೀಫನ್ ಜೇ ಗೌಲ್ಡ್ ಮತ್ತು ಎಲಿಸಬೆತ್ ವ್ರ್ಬಾ ಇದಕ್ಕೆ ‘ಎಕ್ಸಾಪ್ಟೇಶನ್’ ಎಂಬ ಪ್ರತ್ಯೇಕ ಹೆಸರನ್ನೇ ಕೊಟ್ಟರು. ಹೆಜ್ಜೆ ನೋಡಿ ಕಾಣದ ಪ್ರಾಣಿಯನ್ನು ಊಹಿಸಲು ನೆರವಾದ ಮಿದುಳು, ಮುಂದೆ ಇಲ್ಲದ ಪ್ರಾಣಿಯನ್ನೂ ಊಹಿಸಬಲ್ಲದು.

ಇನ್ನು ನಮ್ಮ ದಶಾವತಾರಕ್ಕೆ ಬರೋಣ. ಡಾರ್ವಿನ್ ಪುಸ್ತಕ ಬಂದದ್ದು 1859ರಲ್ಲಿ. ಅವತಾರಗಳನ್ನು ಅದರ ಪಕ್ಕ ಇಟ್ಟದ್ದು ಆಮೇಲೆ. 1877ರಲ್ಲಿ ಥಿಯಾಸಫಿ ಎಂಬ ಅಧ್ಯಾತ್ಮ ಪಂಥದ ಬ್ಲಾವಟ್ಸ್ಕಿ, 1882ರಲ್ಲಿ ಬ್ರಾಹ್ಮ ಸಮಾಜದ ಕೇಶವಚಂದ್ರ ಸೇನ್ ಈ ಹೋಲಿಕೆ ಮಾಡಿದರು. ಪರರ ಆಳ್ವಿಕೆಯಲ್ಲಿ ತಲೆ ತಗ್ಗಿಸಿದ್ದ ಜನಕ್ಕೆ ಅದು ಧೈರ್ಯ ಕೊಟ್ಟಿರಬೇಕು. ಅದನ್ನು ಹಗುರವಾಗಿ ನೋಡಬಾರದು. ಆದರೆ ಪುರಾಣದಲ್ಲಿ ಮೀನಿನಿಂದ ಆಮೆ ಹುಟ್ಟುವುದಿಲ್ಲ, ಆಮೆಯಿಂದ ಹಂದಿ ಹುಟ್ಟುವುದಿಲ್ಲ. ಒಬ್ಬನೇ ದೇವರು ಕಷ್ಟ ಬಂದಾಗಲೆಲ್ಲ ಇಳಿದು ಬರುತ್ತಾನೆ. ಜೀವವಿಕಾಸ ಮೆಟ್ಟಿಲಿನಂತೆಯೂ ಇಲ್ಲ. ಅದು ಕವಲೊಡೆಯುವ ಮರ. ಇಂದಿನ ಮೀನು, ಆಮೆ, ಹಂದಿ, ಮನುಷ್ಯ ಎಲ್ಲವೂ ಅದರ ತುದಿಯ ಚಿಗುರುಗಳೇ. ನಮ್ಮಲ್ಲಿ ಯಕ್ಷಗಾನಕ್ಕೇ ದಶಾವತಾರ ಆಟ ಎಂಬ ಹೆಸರಿದೆ. ಬಯಲಲ್ಲಿ ನರಸಿಂಹ ಅಬ್ಬರಿಸಿ ಬಂದಾಗ ಮೈ ಜುಮ್ಮೆನ್ನುತ್ತದಲ್ಲ, ಅದನ್ನು ಜೀವಶಾಸ್ತ್ರದ ಒಂದು ಘಟ್ಟ ಎಂದು ಓದಿದರೆ ನಷ್ಟ ಪುರಾಣಕ್ಕೇ.

ವಿಕಾಸವನ್ನು ಕಾಣ್ಕೆಯಾಗಿಯೇ ತೆಗೆದುಕೊಂಡವರೂ ಇದ್ದಾರೆ. 1914ರಿಂದ ಪುದುಚೇರಿಯಲ್ಲಿ ಶ್ರೀ ಅರವಿಂದರು ಜಡ, ಜೀವ, ಮನಸ್ಸು, ಅದರಾಚೆಯ ಅತಿಮನಸ್ಸು ಎಂದು ಚೈತನ್ಯದ ವಿಕಾಸವನ್ನು ಬರೆದರು. ಕುವೆಂಪು ಅವರ ರಾಮಾಯಣ ದರ್ಶನದಲ್ಲಿ ಆ ಪ್ರಭಾವ ಎದ್ದು ಕಾಣುತ್ತದೆ. ಅದೇ ಕುವೆಂಪು ಜೀವನವಿಡೀ ವೈಜ್ಞಾನಿಕ ಬುದ್ಧಿಗಾಗಿ ಮಾತಾಡಿದರು. ಅವರ ಮಗ ತೇಜಸ್ವಿ 1980ರಲ್ಲಿ ‘ಕರ್ವಾಲೋ’ ಕಾದಂಬರಿಯಲ್ಲಿ ಹಾರುವ ಓತಿಯೊಂದರ ಹಿಂದೆ ಓದುಗರನ್ನು ಕಾಡಿಗೆ ಕರೆದೊಯ್ದರು. ಒಂದೇ ಮನೆಯಲ್ಲಿ ಎರಡೂ ಜಗಳವಿಲ್ಲದೆ ಇದ್ದವು.

ಇತ್ತೀಚಿನದು ಗೊತ್ತೇ ಇದೆ. 2018ರಲ್ಲಿ ಕೇಂದ್ರದ ಮಂತ್ರಿಯೊಬ್ಬರು ಡಾರ್ವಿನ್ ತಪ್ಪು ಎಂದರು. ಬೆಂಗಳೂರಿನದೂ ಸೇರಿ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಅದನ್ನು ತಳ್ಳಿಹಾಕಿದವು. 2019ರ ಜಲಂಧರ್ ವಿಜ್ಞಾನ ಕಾಂಗ್ರೆಸ್‌ನಲ್ಲಿ ದಶಾವತಾರ ಮತ್ತೆ ಬಂತು. 2023ರಲ್ಲಿ ಎನ್‌ಸಿಇಆರ್‌ಟಿಯ 10ನೇ ತರಗತಿ ಪುಸ್ತಕದಿಂದ ಜೀವವಿಕಾಸದ ಭಾಗ ಹೋಯಿತು, 1,800ಕ್ಕೂ ಹೆಚ್ಚು ಜನ ಸಹಿ ಹಾಕಿ ವಿರೋಧಿಸಿದರು. 11ನೇ ತರಗತಿಗೆ ಜೀವಶಾಸ್ತ್ರ ತೆಗೆದುಕೊಳ್ಳದ ಮಗು ಇದನ್ನು ಶಾಲೆಯಲ್ಲಿ ಓದುವುದೇ ಇಲ್ಲವಲ್ಲ ಎಂಬುದು ನನ್ನ ಸಂಕಟ.

ಈ ಗದ್ದಲದ ನಡುವೆ ವಾಲೇಸ್ ಪ್ರಶ್ನೆಗೆ ಹೊಸ ಸಾಕ್ಷಿಗಳು ಬರುತ್ತಿವೆ, ಅದೂ ಗುಹೆಗಳಿಂದ. 1939ರಲ್ಲಿ ದಕ್ಷಿಣ ಜರ್ಮನಿಯ ಗುಹೆಯೊಂದರಲ್ಲಿ ದಂತದ ಚೂರುಗಳು ಸಿಕ್ಕವು. ಜೋಡಿಸಿದಾಗ ಸಿಂಹದ ತಲೆ, ಮನುಷ್ಯನ ಮೈ. ವಯಸ್ಸು ಸುಮಾರು 40,000 ವರ್ಷ. ನಮ್ಮ ಕಣ್ಣಿಗೆ ಅದು ನರಸಿಂಹನೇ. ಆದರೆ ಅದನ್ನು ಕೆತ್ತಿದವರಿಗೆ ಪ್ರಹ್ಲಾದ ಗೊತ್ತಿರಲಿಲ್ಲ. ಸಿಂಹವನ್ನೂ ಮನುಷ್ಯನನ್ನೂ ಮನಸ್ಸಿನಲ್ಲಿ ಬೆಸೆಯುವ ಶಕ್ತಿ ಗೊತ್ತಿತ್ತು. ಇಂಡೋನೇಷ್ಯಾದ ಸುಲಾವೆಸಿಯಲ್ಲಿ ಬೇಟೆಯ ಚಿತ್ರವೊಂದು ಸಿಕ್ಕಿತು. 2019ರಲ್ಲಿ ಅದರ ವಯಸ್ಸು ಕನಿಷ್ಠ 43,900 ವರ್ಷ ಎಂದು ಪ್ರಕಟವಾಯಿತು. ಕಾಡುಹಂದಿ ಮತ್ತು ಗಿಡ್ಡ ಕಾಡೆಮ್ಮೆಗಳ ಎದುರು ಪುಟ್ಟ ಬೇಟೆಗಾರರು. ಅವರಲ್ಲಿ ಒಬ್ಬನಿಗೆ ಬಾಲ, ಒಬ್ಬನಿಗೆ ಹಕ್ಕಿಯಂಥ ಮುಖ ಇದೆ ಅನ್ನುತ್ತಾರೆ ಸಂಶೋಧಕರು. 2024ರಲ್ಲಿ ಅಲ್ಲೇ ಇನ್ನೊಂದು ಗುಹೆಯ ಹಂದಿ ಮತ್ತು ಮೂವರು ಮನುಷ್ಯರ ಚಿತ್ರಕ್ಕೆ ಕನಿಷ್ಠ 51,200 ವರ್ಷ ಎಂದು ಲೆಕ್ಕ ಬಂತು.

ಸುಲಾವೆಸಿಯ ಆ ಗುಹೆಗಳಿರುವುದು ಮಾರೋಸ್ ಎಂಬ ಊರಿನ ಸುತ್ತಲಿನ ಸುಣ್ಣಕಲ್ಲಿನ ಬೆಟ್ಟಗಳ ಸಾಲಿನಲ್ಲಿ. 1857ರಲ್ಲಿ, ಆ ಜ್ವರಕ್ಕೆ ಕೆಲವು ತಿಂಗಳ ಮುಂಚೆ, ವಾಲೇಸ್ ಮಾರೋಸ್ ಹತ್ತಿರ ಬಿಡಾರ ಹೂಡಿದ್ದರು. ಬಂಟಿಮುರುಂಗ್ ಜಲಪಾತದ ಬಳಿ ಬಲೆ ಹಿಡಿದು ಚಿಟ್ಟೆಗಳ ಹಿಂದೆ ಓಡಾಡುತ್ತಿದ್ದರು.