ರೇಡಿಯೇಟರ್ ದೊಡ್ಡದು ಮಾಡುವ ಮೊದಲು: ಸ್ಪೋರ್ಟ್ಸ್ ಕಾರಿನ ಕೂಲಿಂಗ್ ಲೆಕ್ಕ

ಪಿಂಪರಿ-ಚಿಂಚವಾಡದಲ್ಲಿ ಆಟೊಮೊಬೈಲ್ ಡಿಪ್ಲೊಮಾ ಓದುತ್ತಿರುವ, ನಮ್ಮ ವಿಜಯಪುರ, ಬೆಳಗಾವಿ, ಕಲಬುರಗಿ ಕಡೆಯ ಗೆಳೆಯರಿಗಾಗಿ ಈ ಟಿಪ್ಪಣಿ. ಮರಾಠಿಯಲ್ಲಿ ಪಾಠ, ಇಂಗ್ಲಿಷಿನಲ್ಲಿ ಪುಸ್ತಕ, ಮನಸ್ಸಿನಲ್ಲಿ ಕನ್ನಡ ಎಂಬ ಪರಿಸ್ಥಿತಿಯಲ್ಲಿ ಕೂಲಿಂಗ್ ಪಾಠ ಅರ್ಧಂಬರ್ಧ ತಲೆಗೆ ಹೋಗಿರುತ್ತದೆ. ಆದ್ದರಿಂದ ಒಂದೇ ಪ್ರಶ್ನೆ ಹಿಡಿದು ನೋಡೋಣ: ಸ್ಪೋರ್ಟ್ಸ್ ಕಾರು ಬಿಸಿಯಾಗುತ್ತಿದೆ, ಮಾಲೀಕರು ದೊಡ್ಡ ಅಲ್ಯೂಮಿನಿಯಂ ರೇಡಿಯೇಟರ್ ಕೇಳುತ್ತಿದ್ದಾರೆ. ಹಾಕಬೇಕೇ, ಬೇಡವೇ?

ಮೊದಲು ಥರ್ಮೋಸ್ಟ್ಯಾಟ್, ಅಂದರೆ ಕೂಲಂಟ್ (ಎಂಜಿನ್ ತಣಿಸುವ ದ್ರವ) ಬಿಸಿಯಾದಾಗ ಮಾತ್ರ ರೇಡಿಯೇಟರ್ ಕಡೆಗೆ ದಾರಿ ತೆರೆಯುವ ವಾಲ್ವ್. ಎಂಜಿನ್ನಿನ ಸಾಮಾನ್ಯ ಉಷ್ಣತೆಯನ್ನು ನಿರ್ಧರಿಸುವುದು ಅದು, ರೇಡಿಯೇಟರ್ ಅಲ್ಲ. 85 ಡಿಗ್ರಿ ಆಸುಪಾಸಿನಲ್ಲಿ ತೆರೆಯುವ ಥರ್ಮೋಸ್ಟ್ಯಾಟ್ ಇದ್ದರೆ, ಎಷ್ಟೇ ದೊಡ್ಡ ರೇಡಿಯೇಟರ್ ಕೂರಿಸಿದರೂ ಕೂಲಂಟ್ ಅದಕ್ಕಿಂತ ಹೆಚ್ಚು ಕೆಳಗೆ ಇಳಿಯುವುದಿಲ್ಲ. ಇಳಿಯುವ ಸೂಚನೆ ಕಂಡರೆ ಥರ್ಮೋಸ್ಟ್ಯಾಟೇ ದಾರಿ ಮುಚ್ಚುತ್ತದೆ. ದೊಡ್ಡ ರೇಡಿಯೇಟರ್ ಕೊಡುವುದು ಮೇಲಿನ ಅಂಚಿನಲ್ಲಿ ಒಂದಿಷ್ಟು ಹೆಚ್ಚುವರಿ ಜಾಗವನ್ನು ಮಾತ್ರ, ಅಂದರೆ ಎಂಜಿನ್ ಜೋರಾಗಿ ದುಡಿದಾಗ ಇನ್ನಷ್ಟು ಶಾಖ ಹೊರಹಾಕುವ ಸಾಮರ್ಥ್ಯ. ಆ ಜಾಗ ನಿಮ್ಮ ಕಾರಿಗೆ ಬೇಕೇ ಎಂಬುದೇ ನಿಜವಾದ ಪ್ರಶ್ನೆ.

ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇಯ ಬೋರ್ ಘಾಟನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಖೋಪೋಲಿಯಿಂದ ಲೋಣಾವಳಕ್ಕೆ ಸುಮಾರು 550 ಮೀಟರ್ ಏರು. ಇಬ್ಬರು ಕುಳಿತ ಕಾರಿನ ತೂಕ 1,450 ಕಿಲೋ ಎಂದಿಟ್ಟುಕೊಳ್ಳಿ, ಹತ್ತಲು ಹತ್ತು ನಿಮಿಷ. 1450 × 9.8 × 550 ಅಂದರೆ ಸುಮಾರು 78 ಲಕ್ಷ ಜೂಲ್. 600 ಸೆಕೆಂಡಿಗೆ ಭಾಗಿಸಿದರೆ 13 ಕಿಲೋವ್ಯಾಟ್. ಗಾಳಿಯ ತಡೆ, ಟೈರಿನ ಉರುಳು ತಡೆ ಎಲ್ಲ ಸೇರಿಸಿದರೂ 20ರ ಹತ್ತಿರ. 250 ಅಶ್ವಶಕ್ತಿಯ ಎಂಜಿನ್ ಪೂರ್ತಿ ದುಡಿದರೆ 185 ಕಿಲೋವ್ಯಾಟ್ ಕೊಡುತ್ತದೆ. ಅಂದರೆ ಘಾಟ್ ಹತ್ತುವಾಗ ಅದು ತನ್ನ ಶಕ್ತಿಯ ಒಂಬತ್ತನೇ ಒಂದು ಪಾಲನ್ನಷ್ಟೇ ಬಳಸುತ್ತಿದೆ. ಕೂಲಂಟ್‌ಗೆ ಹೋಗುವ ಶಾಖವೂ ಸ್ಥೂಲವಾಗಿ ಚಕ್ರಕ್ಕೆ ಹೋಗುವ ಶಕ್ತಿಯ ಆಸುಪಾಸಿನಲ್ಲೇ ಇರುತ್ತದೆ. ಇಷ್ಟಕ್ಕೇ ಬಿಸಿಯಾಗುವ ಕಾರಿನ ರೇಡಿಯೇಟರ್ ಚಿಕ್ಕದಲ್ಲ, ಎಲ್ಲೋ ಕಾಯಿಲೆ ಇದೆ. ಕಾಯಿಲೆಯ ಕಾರಿಗೆ ದೊಡ್ಡ ರೇಡಿಯೇಟರ್ ಹಾಕುವುದು ರೋಗವನ್ನು ಮುಚ್ಚಿಡುವ ಕೆಲಸ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹಾಗೆಂದು ಪುಣೆಯ ಬೇಸಿಗೆಯನ್ನು ಹಗುರವಾಗಿ ಎಣಿಸುವಂತಿಲ್ಲ. ರೇಡಿಯೇಟರ್ ಬಿಡುವ ಶಾಖ, ಕೂಲಂಟ್‌ಗೂ ಹೊರಗಿನ ಗಾಳಿಗೂ ನಡುವಿನ ಉಷ್ಣತೆಯ ಅಂತರವನ್ನು ಅವಲಂಬಿಸಿದೆ. ಕೂಲಂಟ್ 95 ಡಿಗ್ರಿ ಇದ್ದು ಗಾಳಿ 20 ಡಿಗ್ರಿ ಇದ್ದರೆ ಅಂತರ 75. ಏಪ್ರಿಲಿನ 40 ಡಿಗ್ರಿಯಲ್ಲಿ ಅದು 55ಕ್ಕೆ ಇಳಿಯುತ್ತದೆ. ಅದೇ ರೇಡಿಯೇಟರ್, ಸಾಮರ್ಥ್ಯದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಖೋತಾ. ಜನವರಿಯಲ್ಲಿ ಸುಮ್ಮನಿದ್ದ ದೋಷ ಏಪ್ರಿಲಿನಲ್ಲಿ ತಲೆ ಎತ್ತುವುದು ಇದಕ್ಕೇ.

ಬಿಸಿಯಾಗುವುದು ಎಲ್ಲಿ ಎಂದು ಮಾಲೀಕರನ್ನು ಕೇಳಿ. ಹಿಂಜವಡಿ ಸಿಗ್ನಲ್ಲಿನಲ್ಲಿ ನಿಂತಾಗ ಮುಳ್ಳು ಏರಿ, ರಸ್ತೆ ತೆರವಾದೊಡನೆ ಇಳಿದರೆ ಗಾಳಿಯ ಸಮಸ್ಯೆ, ಅಂದರೆ ಫ್ಯಾನ್. ಫ್ಯಾನ್‌ಗೆ ಎರಡು ವೇಗಗಳಿದ್ದು, ಕಡಿಮೆ ವೇಗಕ್ಕೆ ರೆಸಿಸ್ಟರ್ ಬಳಸಿರುವ ಕಾರುಗಳಲ್ಲಿ ಆ ರೆಸಿಸ್ಟರ್ ಸುಟ್ಟರೂ ಹೆಚ್ಚಿನ ವೇಗ ಕೆಲಸ ಮಾಡುತ್ತಲೇ ಇರುತ್ತದೆ. ಫ್ಯಾನ್ ತಿರುಗುತ್ತಿದೆ ಎಂದು ನೋಡಿ ಬಿಟ್ಟುಬಿಡುವವರು ಇಲ್ಲಿ ಏಮಾರುತ್ತಾರೆ. ಇನ್ನು ನಿಂತಾಗ ಸರಿಯಿದ್ದು ವೇಗದಲ್ಲಿ ಓಡುವಾಗ ಏರಿದರೆ ಕೂಲಂಟ್ ಹರಿವನ್ನು ಅನುಮಾನಿಸಿ: ಕಟ್ಟಿಕೊಂಡ ಟ್ಯೂಬ್, ಸವೆದ ಪಂಪ್, ಹೀರುವ ಒತ್ತಡಕ್ಕೆ ಚಪ್ಪಟೆಯಾಗುವ ಕೆಳಗಿನ ಹೋಸ್.

ಹೋಸ್‌ಗಳ ಉಷ್ಣತೆ ಅಳೆದರೆ ಅನುಮಾನ ಇನ್ನಷ್ಟು ತಿಳಿಯಾಗುತ್ತದೆ. ಶಾಖ = ಹರಿವು × ವಿಶಿಷ್ಟೋಷ್ಣ × ಉಷ್ಣತೆಯ ಇಳಿಕೆ. ಸೆಕೆಂಡಿಗೆ ಅರ್ಧ ಕಿಲೋ ಕೂಲಂಟ್ ಹರಿದು, 20 ಕಿಲೋವ್ಯಾಟ್ ಹೊರಹೋಗಬೇಕಾದರೆ, ವಿಶಿಷ್ಟೋಷ್ಣ 3.5 ಹಿಡಿದು, ರೇಡಿಯೇಟರ್‌ಗೆ ಒಳಬರುವ ಮತ್ತು ಹೊರಹೋಗುವ ಹೋಸ್‌ಗಳ ನಡುವೆ 11 ಡಿಗ್ರಿ ವ್ಯತ್ಯಾಸ ಇರಬೇಕು. ಎಂಜಿನ್ ಕುದಿಯುತ್ತಿದ್ದು ವ್ಯತ್ಯಾಸ ವಿಪರೀತ ಇದ್ದರೆ ಹರಿವು ಕಡಿಮೆ. ವ್ಯತ್ಯಾಸವೇ ಇಲ್ಲದಿದ್ದರೆ ಗಾಳಿ ಶಾಖವನ್ನು ಒಯ್ಯುತ್ತಿಲ್ಲ. ಡ್ಯಾಶ್‌ಬೋರ್ಡಿನ ಮುಳ್ಳನ್ನು ಮಾತ್ರ ಪೂರ್ತಿ ನಂಬಬೇಡಿ. ಇತ್ತೀಚಿನ ಅನೇಕ ಕಾರುಗಳಲ್ಲಿ ಕೂಲಂಟ್ ಹತ್ತಿಪ್ಪತ್ತು ಡಿಗ್ರಿ ಅತ್ತಿತ್ತ ಆದರೂ ಅದು ನಡುವೆಯೇ ನಿಂತಿರುವಂತೆ ಮಾಡಿರುತ್ತಾರೆ. ಒಬಿಡಿ ಸಾಕೆಟ್‌ಗೆ (ಕಾರಿನ ಕಂಪ್ಯೂಟರಿನ ತಪಾಸಣಾ ಕಿಂಡಿ) ಸ್ಕ್ಯಾನರ್ ಚುಚ್ಚಿ ನಿಜವಾದ ಅಂಕಿ ಓದಿ.

ಪೋರ್ಷೆ ಬಾಕ್ಸ್‌ಸ್ಟರ್‌ನ ಮೊದಲ ತಲೆಮಾರು, ಅಂದರೆ 986, ಈ ಪಾಠಕ್ಕೆ ಹೇಳಿ ಮಾಡಿಸಿದ ಕಾರು. ಎಂಜಿನ್ ಸೀಟುಗಳ ಹಿಂದೆ, ರೇಡಿಯೇಟರ್‌ಗಳು ಮುಂದಿನ ಬಂಪರಿನ ಎರಡು ಮೂಲೆಗಳಲ್ಲಿ, ಅವುಗಳ ಮುಂದೆ ಎಸಿ ಕಂಡೆನ್ಸರ್. ಬಂಪರಿನ ತೆರೆದ ಬಾಯಿಗಳು ನೆಲಕ್ಕೆ ಹತ್ತಿರ ಇರುವುದರಿಂದ ರಸ್ತೆಯ ಕಸವೆಲ್ಲ ಒಳಗೆ. ಬಂಪರ್ ಕಳಚಿ, ಕಂಡೆನ್ಸರನ್ನು ಮೆಲ್ಲಗೆ ಮುಂದಕ್ಕೆ ವಾಲಿಸಿ ನೋಡಿ: ಅದಕ್ಕೂ ರೇಡಿಯೇಟರ್‌ಗೂ ನಡುವಿನ ಸಂದಿಯಲ್ಲಿ ಒಣ ಎಲೆ, ಪ್ಲಾಸ್ಟಿಕ್ ಚೂರು, ಕೀಟಗಳ ರೆಕ್ಕೆ, ಮಳೆಗಾಲದ ಕೆಸರು ಎಲ್ಲ ಕಲೆತು ಕಂಬಳಿಯಂತೆ ಒತ್ತಿಕೊಂಡಿರುತ್ತದೆ. ಕೆಳಗಿನ ಮೂಲೆಯಲ್ಲಿ ಬೆರಳಿಟ್ಟರೆ ಫಿನ್ (ಟ್ಯೂಬ್‌ಗಳ ನಡುವಿನ ತೆಳು ಲೋಹದ ಪಟ್ಟಿ) ಕೈಗೆ ಸಿಗುವುದೇ ಇಲ್ಲ. ಹೊರಗಿನಿಂದ ಟಾರ್ಚ್ ಬಿಟ್ಟರೆ ಇದು ಕಾಣದು, ಕಾಣುವುದು ಕಂಡೆನ್ಸರಿನ ಮುಖ ಮಾತ್ರ. ಮೆದು ಬ್ರಷ್, ಕಡಿಮೆ ಒತ್ತಡದ ನೀರು ಸಾಕು. ಪ್ರೆಶರ್ ವಾಷರ್ ಹಿಡಿದರೆ ಫಿನ್‌ಗಳು ಮಡಚಿ ಗಾಳಿಯ ದಾರಿ ಮುಚ್ಚುತ್ತವೆ.

ಇದೇ ಕಾರು ಇನ್ನೊಂದು ಪಾಠವನ್ನೂ ಹೇಳುತ್ತದೆ. 220 ಅಶ್ವಶಕ್ತಿಯ 2.7 ಲೀಟರ್ ಕಾರಿನ ಜೊತೆಗೆ 252 ಅಶ್ವಶಕ್ತಿಯ 3.2 ಲೀಟರ್ 'ಎಸ್' ಮಾದರಿ ತಂದಾಗ ಕಂಪನಿ ಬಂಪರಿನ ನಡುವೆ ಮೂರನೆಯ ರೇಡಿಯೇಟರ್ ಸೇರಿಸಿತು. ಇದ್ದುದನ್ನು ದಪ್ಪ ಮಾಡುವ ಬದಲು ಹೊಸ ಗಾಳಿ ಬೀಳುವ ಹೊಸ ಮುಖ. ದಪ್ಪ ಕೋರ್‌ನಲ್ಲಿ (ಟ್ಯೂಬ್, ಫಿನ್‌ಗಳ ಜಾಲರಿ) ಹಿಂದಿನ ಸಾಲಿನ ಟ್ಯೂಬ್‌ಗೆ ಸಿಗುವುದು ಮುಂದಿನ ಸಾಲು ಈಗಾಗಲೇ ಬಿಸಿ ಮಾಡಿದ ಗಾಳಿ. ಮೇಲಾಗಿ ದಪ್ಪವಾದಷ್ಟೂ ಗಾಳಿ ತೂರುವುದು ಕಷ್ಟ. ಸಿಗ್ನಲ್ಲಿನಲ್ಲಿ ಫ್ಯಾನ್ ಒಂದನ್ನೇ ನಂಬಿದ ಕಾರಿಗೆ ಇದು ಉಲ್ಟಾ ಹೊಡೆಯಲೂಬಹುದು. ಪಕ್ಕದ ಸಂದಿಗಳನ್ನು ಫೋಮ್‌ನಿಂದ ಮುಚ್ಚಿ ಗಾಳಿಯೆಲ್ಲ ಕೋರ್ ಮೂಲಕವೇ ಹೋಗುವಂತೆ ಮಾಡಿದರೆ ಕಡಿಮೆ ಖರ್ಚಿನಲ್ಲಿ ಹೆಚ್ಚು ಲಾಭ.

ಗ್ಯಾರೇಜುಗಳಲ್ಲಿ ಕೇಳುವ ಇನ್ನೊಂದು ಸಲಹೆ: 'ವಾಲ್ವ್ ಕಾಢೂನ್ ಟಾಕಾ', ಥರ್ಮೋಸ್ಟ್ಯಾಟನ್ನೇ ಕಿತ್ತುಹಾಕಿ. ರೇಡಿಯೇಟರ್ ತಪ್ಪಿಸಿ ಎಂಜಿನ್ನಿಗೇ ಮರಳುವ ಅಡ್ಡದಾರಿಯೇ ಬೈಪಾಸ್. ಬಿಸಿಯಾದಾಗ ಬೈಪಾಸ್ ಮುಚ್ಚುವ ಮಾದರಿಯ ಥರ್ಮೋಸ್ಟ್ಯಾಟ್ ಕಿತ್ತರೆ ಬೈಪಾಸ್ ಸದಾ ತೆರೆದಿರುತ್ತದೆ, ಬಿಸಿ ಕೂಲಂಟ್‌ನ ಒಂದು ಪಾಲು ರೇಡಿಯೇಟರ್ ಕಡೆ ಹೋಗದೆ ಎಂಜಿನ್ನಿಗೇ ಮರಳುತ್ತದೆ. ಬೇಡವೇ ಬೇಡ.

ಹಾಗಾದರೆ ಯಾವಾಗ ಹಾಕಬೇಕು? ಚೆನ್ನೈ, ಕೊಯಮತ್ತೂರಿನ ಟ್ರ್ಯಾಕಿನಲ್ಲಿ ಸುತ್ತಿನ ಮೇಲೆ ಸುತ್ತು ಪೂರ್ತಿ ಆಕ್ಸಿಲರೇಟರ್ ಒತ್ತಿ ಓಡಿಸುವವರಿಗೆ ಬೇಕು. ಟರ್ಬೊ ಅಥವಾ ಸೂಪರ್‌ಚಾರ್ಜರ್ ಕೂರಿಸಿದವರಿಗೆ ಬೇಕು. ಹಳೆಯ ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕ್ ಬಿರುಕು ಬಿಟ್ಟು ಹೇಗೂ ಬದಲಿಸಲೇಬೇಕಾದಾಗ, ಬೆಲೆಯ ವ್ಯತ್ಯಾಸ ಸ್ವಲ್ಪವೇ ಇದ್ದರೆ, ಪೂರ್ತಿ ವೆಲ್ಡ್ ಮಾಡಿದ ಅಲ್ಯೂಮಿನಿಯಂ ಒಳ್ಳೆಯ ಆಯ್ಕೆ.

ಯಾವುದನ್ನು ಹಾಕಿದರೂ ತುಂಬುವುದು ಕೂಲಂಟ್ ಮತ್ತು ಡಿಸ್ಟಿಲ್ಡ್ ನೀರಿನ ಅರ್ಧಕ್ಕರ್ಧ ಮಿಶ್ರಣ. ಬೋರ್‌ವೆಲ್ ನೀರು ಸುಣ್ಣದ ಪದರ ಕಟ್ಟುತ್ತದೆ. ಕೂಲಂಟ್ ತುಂಬುವ ಬಾಯಿಯ ಮುಚ್ಚಳವನ್ನೂ ಹೊಸದು ಹಾಕಿ. ತೆರೆದ ಪಾತ್ರೆಯಲ್ಲಿ 107 ಡಿಗ್ರಿಗೆ ಕುದಿಯುವ ಈ ಮಿಶ್ರಣ, ಒಂದು ಬಾರ್ ಒತ್ತಡ ಹಿಡಿಯುವ ಮುಚ್ಚಳದ ಕೆಳಗೆ 130ರ ಹತ್ತಿರದವರೆಗೂ ತಡೆಯುತ್ತದೆ. ಎಂಜಿನ್ ಹಿಂದಿರುವ ಕಾರಿನಲ್ಲಿ ಉದ್ದುದ್ದ ಪೈಪುಗಳಲ್ಲಿ ಗಾಳಿ ಸಿಕ್ಕಿಕೊಳ್ಳುವುದರಿಂದ ವ್ಯಾಕ್ಯೂಮ್ ಎಳೆದೇ (ಒಳಗಿನ ಗಾಳಿಯನ್ನು ಮೊದಲು ಹೀರಿ ತೆಗೆದು) ತುಂಬಬೇಕು. ಮೊದಲ ಓಟದ ನಂತರ ಎಂಜಿನ್ ಪೂರ್ತಿ ತಣಿದ ಮೇಲೆ ಮಟ್ಟ ನೋಡಿ, ಇಳಿದಿದ್ದರೆ ಮತ್ತೆ ತುಂಬಿ.